ಅಣ್ಣನ ಮಗ ಸೈನ್ಯಕ್ಕೆ ಹೋಗ್ತೀನಿ ಅಂತಾನೆ, ಅಜ್ಜಿ ಬೇಡ ಅಂತಾರೆ. ಸತ್ಯವೇದ ಯಾರ ಕಡೆ?

ಮಂಡ್ಯದ ಅತ್ತೆ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಅಣ್ಣನ ಮಗನಿಗೆ ಈಗ ಹತ್ತೊಂಬತ್ತು. ಪಿಯುಸಿ ಮುಗಿಸಿ ಅಗ್ನಿವೀರ್‌ಗೆ ಅರ್ಜಿ ಹಾಕಿದ್ದಾನೆ. ದಿನಾ ಬೆಳಿಗ್ಗೆ ಐದಕ್ಕೆ ಎದ್ದು ವಿಶ್ವೇಶ್ವರಯ್ಯ ಕ್ರೀಡಾಂಗಣದಲ್ಲಿ ಓಡುತ್ತಾನೆ. 1.6 ಕಿಲೋಮೀಟರ್ ಓಟದಲ್ಲಿ ಇನ್ನೂ ಒಂದಷ್ಟು ಸೆಕೆಂಡ್ ಇಳಿಸಬೇಕಂತೆ. ಮನೆಯಲ್ಲಿ ಜಗಳ ಅದಕ್ಕಲ್ಲ. ನಮ್ಮವ್ವ, ಅಂದರೆ ಅವನ ಅಜ್ಜಿ, ಖಂಡಿತ ಬೇಡ ಅಂತ ಹಟ ಹಿಡಿದಿದ್ದಾರೆ. ಕತ್ತಿ ಹಿಡಿದವರು ಕತ್ತಿಯಿಂದಲೇ ಹೋಗ್ತಾರೆ ಅಂತ ಯೇಸುಸ್ವಾಮಿಯೇ ಪೇತ್ರನಿಗೆ ಹೇಳಿದರು, "ಕೊಲ್ಲಬೇಡ ಅನ್ನೋ ಆಜ್ಞೆಗೆ, ಸರ್ಕಾರ ಹೇಳಿದರೆ ಕೊಲ್ಲು ಅನ್ನೋ ಬಾಲ ಇಲ್ಲ" ಅಂತಾರೆ.

ಹುಡುಗ ಪ್ರಾರ್ಥನೆಗೆ ಹೋಗುವ ಕಡೆ ಪಾಸ್ಟರ್ ಒಬ್ಬರು ಸತ್ಯವೇದದಲ್ಲಿ ರೋಮಾಪುರದವರ ಪತ್ರಿಕೆ, ಅಂದರೆ ಪೌಲ ರೋಮಿನ ಕ್ರೈಸ್ತರಿಗೆ ಬರೆದ ಕಾಗದ, ಅದರ 13ನೇ ಅಧ್ಯಾಯ ತೆಗೆದು ತೋರಿಸಿದರಂತೆ. ಅಧಿಕಾರ ಇರುವವರು ದೇವರಿಂದ ನೇಮಕ ಆದವರು, ಅವರು ಸುಮ್ನೆ ಕತ್ತಿ ಹಿಡಿದಿಲ್ಲ, ಧೈರ್ಯವಾಗಿ ಹೋಗು ಅಂತ. ಜೊತೆಗೆ, ಸರ್ಕಾರ ಹೇಳಿದ್ದು ಮಾಡಿದರೆ ಪಾಪ ಸರ್ಕಾರದ್ದು, ನಿನ್ನದಲ್ಲ ಅಂತಲೂ ಹೇಳಿದರಂತೆ. ಈ ಕೊನೆ ಮಾತು ನನಗೆ ಯಾಕೋ ಗಂಟಲಲ್ಲಿ ಮುಳ್ಳು ಸಿಕ್ಕಿದ ಹಾಗೆ ಆಗಿದೆ.

ಇಬ್ಬರ ಕೈಯಲ್ಲೂ ಇರುವುದು ಒಂದೇ ಪುಸ್ತಕ. ಹುಡುಗ "ಅತ್ತೆ, ನೀವೇ ಹೇಳಿ" ಅಂತಾನೆ. ಏನು ಹೇಳಲಿ?

ಬನ್ನಿಮಂಟಪದ ಸುಬೇದಾರ್:
ಅಕ್ಕ, ನಾನು ಇಪ್ಪತ್ತಾರು ವರ್ಷ ಸೈನ್ಯದಲ್ಲಿದ್ದವನು. ಈಗ ಮೈಸೂರಿನಲ್ಲಿ ಮೊಮ್ಮಕ್ಕಳನ್ನು ಶಾಲೆಗೆ ಬಿಡುವ ಡ್ಯೂಟಿ. ಭಾನುವಾರ ಫಿಲೋಮಿನಾ ಚರ್ಚಿಗೆ ಪೂಜೆಗೆ ಹೋಗುತ್ತೇನೆ.

ಸತ್ಯವೇದದಲ್ಲಿ ಸೈನಿಕರು ಎಷ್ಟು ಸಲ ಬರುತ್ತಾರೆ ನೋಡಿ. ಕಪೆರ್ನೌಮಿನ ಶತಾಧಿಪತಿಯನ್ನು, ಅಂದರೆ ನೂರು ಸೈನಿಕರ ನಾಯಕನನ್ನು ನೋಡಿ, ಇಸ್ರೇಲಿನಲ್ಲೂ ಇಂಥ ನಂಬಿಕೆ ಕಾಣಲಿಲ್ಲ ಅಂದರು ಯೇಸು. ಅವನ ಕೆಲಸ ಬಿಡಿಸಲಿಲ್ಲ. ಪೇತ್ರ ದೀಕ್ಷಾಸ್ನಾನ ಕೊಡಿಸಿದ ಕೊರ್ನೇಲ್ಯನೂ ಶತಾಧಿಪತಿಯೇ. ಸ್ನಾನಿಕ ಯೋಹಾನನ ಹತ್ತಿರ ಸೈನಿಕರು ಹೋಗಿ "ನಾವೇನು ಮಾಡಬೇಕು" ಅಂತ ಕೇಳಿದಾಗ ಅವನು ಹೇಳಿದ್ದು ಇಷ್ಟೇ: ಯಾರನ್ನೂ ಹೆದರಿಸಿ ದುಡ್ಡು ಕೀಳಬೇಡಿ, ಸುಳ್ಳು ದೂರು ಹಾಕಬೇಡಿ, ಬರುವ ಸಂಬಳ ಸಾಕು ಅಂದುಕೊಳ್ಳಿ. ಆ ಕೊನೆಯದು ಪೇ ಕಮಿಷನ್ ಇಲ್ಲದ ಕಾಲದ ಮಾತು, ಬಿಡಿ.

ನನ್ನ ಕಸಂ ಪರೇಡ್ ದಿನ ಭಗವದ್ಗೀತೆ, ಕುರಾನ್, ಗುರುಗ್ರಂಥ, ಬೈಬಲ್ ಎಲ್ಲ ಸಾಲಾಗಿ ಇಟ್ಟಿದ್ದರು. ನನ್ನ ಪುಸ್ತಕ ಮುಟ್ಟಿಯೇ ಪ್ರಮಾಣ ಮಾಡಿದೆ. ಅಜ್ಜಿಗೆ ಹೇಳಿ, ಸೈನ್ಯ ಅಂದರೆ ದಿನಾ ಗುಂಡು ಹಾರಿಸೋದಲ್ಲ. ನಾನು ಜಾಸ್ತಿ ಹಿಡಿದದ್ದು ಗುದ್ದಲಿ.

ಗಂಜಾಂ ಹುಡುಗ:
ನಾನು ಶ್ರೀರಂಗಪಟ್ಟಣದವನು. ಹೆದ್ದಾರಿಯಿಂದ ಸ್ವಲ್ಪ ಒಳಗೆ, ಕಾವೇರಿ ದಡದಲ್ಲಿ ಗ್ಯಾರಿಸನ್ ಸ್ಮಶಾನ ಇದೆ. ಮೈಸೂರಿಗೆ ಹೋಗಿಬರುವ ಎಷ್ಟೋ ಜನ ನೋಡಿಯೇ ಇರುವುದಿಲ್ಲ. ಅಲ್ಲಿ ಸ್ವಿಟ್ಜರ್ಲೆಂಡಿನ ಡಿ ಮ್ಯೂರಾನ್ ರೆಜಿಮೆಂಟಿನವರ ಸಮಾಧಿಗಳಿವೆ. ಅವರು ಮೊದಲು ಸಿಲೋನಿನಲ್ಲಿ ಡಚ್ಚರ ಸಂಬಳಕ್ಕಿದ್ದರು. 1795ರಲ್ಲಿ ಇಂಗ್ಲಿಷರ ಕಡೆ ಬಂದರು. 1799ರಲ್ಲಿ ಇಲ್ಲಿ ಟಿಪ್ಪುವಿನ ಮೇಲೆ ಬಂದ ಸೈನ್ಯದಲ್ಲಿದ್ದರು. ಎರಡು ಸರ್ಕಾರ, ಎರಡು ಸಂಬಳ, ಒಂದೇ ಶಿಲುಬೆ. ರೋಮಾಪುರ 13ರ ಪ್ರಕಾರ ಅವರ ಪಾಲಿಗೆ ದೇವರು ನೇಮಿಸಿದ ಅಧಿಕಾರ ಯಾವುದು, ಡಚ್ಚರದೋ ಇಂಗ್ಲಿಷರದೋ? ಪಾಸ್ಟರನ್ನು ಕೇಳಬೇಕು ಅನ್ನಿಸುತ್ತದೆ.

ಇನ್ನೊಂದು ಕಥೆ ಇದೇ ಊರಿನದು. 1779ರಲ್ಲಿ ಮದ್ರಾಸ್ ಸರ್ಕಾರ ಹೈದರಾಲಿಯ ಹತ್ತಿರ ಒಬ್ಬ ದೂತನನ್ನು ಕಳಿಸಿತು. ಅವರು ಅಧಿಕಾರಿಯಲ್ಲ, ಸೈನ್ಯದವರೂ ಅಲ್ಲ. ತಂಜಾವೂರಿನಲ್ಲಿದ್ದ ಜರ್ಮನ್ ಮಿಷನರಿ ಶ್ವಾರ್ಟ್ಸ್. ಇಂಗ್ಲಿಷರ ಮಾತನ್ನು ಹೈದರ್ ನಂಬುತ್ತಿರಲಿಲ್ಲ, ಈ ಪಾದ್ರಿಯನ್ನು ನಂಬಿದ. ಆಮೇಲೆ ಏನಾಯಿತು ಅಂತೀರಿ? ಮರುವರ್ಷ 1780ರಲ್ಲೇ ಎರಡನೇ ಮೈಸೂರು ಯುದ್ಧ ಶುರುವಾಯಿತು. ಪಾದ್ರಿ ತಂದ ಶಾಂತಿಯ ಮಾತನ್ನು ಕಳಿಸಿದವರೇ ಉಳಿಸಿಕೊಳ್ಳಲಿಲ್ಲ. ಆದರೂ ಯುದ್ಧದ ಮಧ್ಯೆ ಶ್ವಾರ್ಟ್ಸ್ ಓಡಾಡಿದರೆ ತಡೆಯಬೇಡಿ ಅಂತ ಹೈದರ್ ತನ್ನವರಿಗೆ ಹೇಳಿದ್ದ. ಸರ್ಕಾರದ ಕೆಲಸ ಮಾಡುವುದಕ್ಕೂ ಸರ್ಕಾರದ ಕೈಗೊಂಬೆ ಆಗುವುದಕ್ಕೂ ನಡುವೆ ಎಷ್ಟು ಜಾಗ ಇದೆ ಅಂತ ಯೋಚನೆ ಬಂದಾಗೆಲ್ಲ ನನಗೆ ಈ ಮನುಷ್ಯ ನೆನಪಾಗುತ್ತಾರೆ.

ಮದ್ದೂರು ಗೌಡ:
ನಾನು ನಿಮ್ಮ ಧರ್ಮದವನಲ್ಲ. ಆದರೂ ಮಂಡ್ಯ ಜಿಲ್ಲೆ ಅಂದಮೇಲೆ ಒಂದು ಮಾತು.

ಸರ್ಕಾರ ಹೇಳಿದ್ದೆಲ್ಲ ದೇವರು ಹೇಳಿದ್ದು ಅನ್ನುವುದಾದರೆ ನಮ್ಮ ಶಿವಪುರದಲ್ಲಿ 1938ರ ಏಪ್ರಿಲ್‌ನಲ್ಲಿ ಕಾಂಗ್ರೆಸ್ಸಿನ ತ್ರಿವರ್ಣ ಬಾವುಟ ಏರಿಸಿದವರೆಲ್ಲ ಪಾಪಿಗಳು. ಆಗ ಮೈಸೂರು ಸರ್ಕಾರ ಧ್ವಜ ಹಾರಿಸಬಾರದು ಅಂತ ಆಜ್ಞೆ ಹಾಕಿತ್ತು. ಇವರು ಹಾರಿಸಿದರು, ಅರೆಸ್ಟ್ ಆದರು. ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಗೋಲಿಬಾರ್ ಆಯಿತು. ಆಮೇಲೆ ಸ್ವಲ್ಪ ದಿನದಲ್ಲೇ ಅದೇ ಸರ್ಕಾರ ರಾಜ್ಯದ ಬಾವುಟದ ಜೊತೆಗೆ ಆ ಬಾವುಟವನ್ನೂ ಹಾರಿಸಬಹುದು ಅಂತ ಒಪ್ಪಿತು. ಏಪ್ರಿಲ್‌ನಲ್ಲಿ ತಪ್ಪು, ಆಮೇಲೆ ಸರಿ. ದೇವರು ಅಷ್ಟು ಬೇಗ ಮನಸ್ಸು ಬದಲಾಯಿಸಿದನಾ?

ಇನ್ನು ಅಜ್ಜಿ ಮಾತು. ಎಲ್ಲರೂ ಹಾಗೇ ಅಂದರೆ ಗಡಿ ಕಾಯುವವರು ಯಾರು? ನಮ್ಮ ಮಕ್ಕಳು ಮಾತ್ರ ಕಾಯಬೇಕಾ? ಕೋಪದಿಂದ ಕೇಳುತ್ತಿಲ್ಲ, ನಿಜವಾಗಿ ಕೇಳುತ್ತಿದ್ದೇನೆ.

ಭಾನುವಾರ ಟೀಚರ್:
ಗೌಡ್ರೇ, ನೀವು ಕೇಳಿದ್ದು ಹೊಸ ಪ್ರಶ್ನೆ ಅಲ್ಲ. ರೋಮ್ ಸಾಮ್ರಾಜ್ಯದಲ್ಲಿದ್ದ ಕ್ರೈಸ್ತರನ್ನು ಅಕ್ಕಪಕ್ಕದವರು ಇದನ್ನೇ ಕೇಳುತ್ತಿದ್ದರು. ಉತ್ತರ ಒಂದೇ ಇರಲಿಲ್ಲ. ನಾನು ಮೈಸೂರಿನಲ್ಲಿ ನಮ್ಮ ಸಭೆಯ ಮಕ್ಕಳಿಗೆ ಪಾಠ ಹೇಳುವವಳು, ಈ ವಿಷಯದಲ್ಲಿ ಸ್ವಲ್ಪ ಓದಿಕೊಂಡಿದ್ದೇನೆ. ತಾಳ್ಮೆಯಿಂದ ಕೇಳಿ.

ಮೂರು ಜನರ ಹೆಸರು ಹೇಳುತ್ತೇನೆ. ಮೂವರೂ ಉತ್ತರ ಆಫ್ರಿಕಾದವರು. ಸುಮಾರು 200ನೇ ಇಸವಿ ಹೊತ್ತಿಗೆ ಕಾರ್ತೇಜಿನ ಟೆರ್ಟುಲಿಯನ್ ಹೇಳಿದ್ದು ಅಜ್ಜಿ ಮಾತೇ: ಪೇತ್ರನ ಕತ್ತಿ ಕೆಳಗೆ ಹಾಕಿಸಿದಾಗಲೇ ಕರ್ತನು ಎಲ್ಲ ಸೈನಿಕರ ಸೊಂಟದ ಪಟ್ಟಿ ಬಿಚ್ಚಿಸಿದ ಅಂತ. ಎರಡನೆಯವನು ಮ್ಯಾಕ್ಸಿಮಿಲಿಯನ್. ಇವನ ಕಥೆ ಹುಡುಗನಿಗೆ ಓದಿ ಹೇಳಿ. 295ರ ಮಾರ್ಚ್ 12, ಈಗಿನ ಅಲ್ಜೀರಿಯದ ತೆಬೆಸ್ಸ. ವಯಸ್ಸು ಇಪ್ಪತ್ತೊಂದು. ಸೈನ್ಯಕ್ಕೆ ಸೇರಿಸಲು ಕರೆತಂದಿದ್ದರು. ಎತ್ತರ ಅಳೆಯುವಾಗಲೇ "ನಾನು ಕ್ರೈಸ್ತ, ನನ್ನಿಂದ ಆಗಲ್ಲ" ಅಂದ. ರಾಜ್ಯಪಾಲ ಡಿಯೋನ್ ಅವನಿಗೆ, ಚಕ್ರವರ್ತಿಗಳ ಕಾವಲು ಪಡೆಯಲ್ಲೇ ಕ್ರೈಸ್ತರಿದ್ದಾರಲ್ಲ, ಅವರು ಸೇವೆ ಮಾಡುತ್ತಿಲ್ಲವಾ ಅಂದ. ಅದಕ್ಕೆ ಹುಡುಗ, ಅವರಿಗೆ ಏನು ಸರಿ ಅನ್ನೋದು ಅವರಿಗೆ ಗೊತ್ತು, ನನ್ನ ಕೈಯಲ್ಲಿ ಆಗಲ್ಲ ಅನ್ನುವ ಅರ್ಥದಲ್ಲಿ ಉತ್ತರ ಕೊಟ್ಟ. ಅವನ ತಲೆ ತೆಗೆದರು. ಸೈನ್ಯದಲ್ಲಿದ್ದ ಬೇರೆ ಕ್ರೈಸ್ತರನ್ನು ಅವನು ಬಯ್ಯಲಿಲ್ಲ ಅನ್ನೋದು ನನಗೆ ತುಂಬ ದೊಡ್ಡದಾಗಿ ಕಾಣುತ್ತದೆ. ಆಗಿನ ಕ್ರೈಸ್ತರಲ್ಲಿ ಎರಡು ಥರದವರೂ ಇದ್ದರು.

ಮೂರನೆಯವರು ಅಗಸ್ಟೀನ್, ಹಿಪ್ಪೋದ ಬಿಷಪ್. ಅದೂ ಈಗಿನ ಅಲ್ಜೀರಿಯವೇ. ಅಷ್ಟು ಹೊತ್ತಿಗೆ ಕಾಲ ಬದಲಾಗಿತ್ತು. 313ರಲ್ಲಿ ಕ್ರೈಸ್ತರ ಮೇಲಿನ ನಿಷೇಧ ಹೋಯಿತು. 380ರಲ್ಲಿ ಕ್ರೈಸ್ತ ಧರ್ಮ ಸಾಮ್ರಾಜ್ಯದ ಧರ್ಮವೇ ಆಯಿತು. 410ರಲ್ಲಿ ರೋಮ್ ನಗರ ಲೂಟಿಯಾಯಿತು. ಈಗ ಗೌಡ್ರ ಪ್ರಶ್ನೆ ಕ್ರೈಸ್ತರ ತಲೆ ಮೇಲೆಯೇ ಬಂದು ಕೂತಿತು: ಊರು ಕಾಯೋರು ಯಾರು? ನೆರೆಯವನನ್ನು ಉಳಿಸಲು, ಮನಸ್ಸಿನಲ್ಲಿ ದ್ವೇಷ ಇಲ್ಲದೆ, ಅಧಿಕಾರ ಇರುವವರ ಆಜ್ಞೆಯಿಂದ ಯುದ್ಧ ಮಾಡಬಹುದು ಅಂತ ಅಗಸ್ಟೀನ್ ಒಪ್ಪಿದರು. ಹದಿಮೂರನೇ ಶತಮಾನದ ಅಕ್ವಿನಾಸ್ ಅದನ್ನೇ ಮೂರು ಷರತ್ತು ಮಾಡಿದರು: ಹಕ್ಕಿರುವ ಅಧಿಕಾರ, ನ್ಯಾಯವಾದ ಕಾರಣ, ಸರಿಯಾದ ಉದ್ದೇಶ. ಅದೇ ಅಗಸ್ಟೀನ್ ಹೇಳಿದ ಕಥೆ ಇನ್ನೊಂದಿದೆ. ಅಲೆಕ್ಸಾಂಡರ್ ಒಬ್ಬ ಕಡಲುಗಳ್ಳನನ್ನು ಹಿಡಿದು, ಸಮುದ್ರದಲ್ಲಿ ಯಾಕೆ ಕಾಟ ಕೊಡ್ತೀಯ ಅಂದನಂತೆ. "ನೀನು ಲೋಕಕ್ಕೇ ಕೊಡ್ತಿರೋದು ಏನು? ನನ್ನದು ಸಣ್ಣ ದೋಣಿ, ಅದಕ್ಕೆ ಕಳ್ಳ ಅಂತಾರೆ. ನಿನ್ನದು ದೊಡ್ಡ ಪಡೆ, ಅದಕ್ಕೆ ಚಕ್ರವರ್ತಿ ಅಂತಾರೆ" ಅಂದನಂತೆ ಕಳ್ಳ. ನ್ಯಾಯ ಇಲ್ಲದ ರಾಜ್ಯ ದೊಡ್ಡ ದರೋಡೆ ಗುಂಪಲ್ಲದೆ ಬೇರೇನು ಅಂತ ಕೇಳುತ್ತಾರೆ ಅಗಸ್ಟೀನ್. ಯುದ್ಧಕ್ಕೆ ದಾರಿ ಮಾಡಿಕೊಟ್ಟವರೇ ಈ ಮಾತನ್ನೂ ಬರೆದಿಟ್ಟಿದ್ದಾರೆ.

ಇನ್ನು ರೋಮಾಪುರ 13. ಪೌಲ ಅದನ್ನು ಬರೆದದ್ದು ಸುಮಾರು 57ರಲ್ಲಿ. ಆಗ ಚಕ್ರವರ್ತಿ ನೀರೋ. ಪೌಲ ಬರೆದದ್ದು ಒಂದು ಕಾಗದ, ಅದರಲ್ಲಿ ಅಧ್ಯಾಯ ಇರಲಿಲ್ಲ, ಅಧ್ಯಾಯದ ನಂಬರುಗಳು ಬಂದದ್ದು ನೂರಾರು ವರ್ಷ ಆದಮೇಲೆ. 13ಕ್ಕೆ ಮೊದಲು ಏನಿದೆ ಓದಿ. ಸೇಡು ತೀರಿಸಿಕೊಳ್ಳಬೇಡಿ, ವೈರಿ ಹಸಿದಿದ್ದರೆ ಊಟ ಕೊಡಿ. 13ರಲ್ಲಿ ತೆರಿಗೆ ವಿಷಯ ಮುಗಿದ ಕೂಡಲೇ ಏನಿದೆ? ಪ್ರೀತಿಯ ಸಾಲ ಬಿಟ್ಟು ಬೇರೆ ಸಾಲ ಇಟ್ಟುಕೊಳ್ಳಬೇಡಿ. ಮಧ್ಯದ ಏಳು ವಚನ ಕತ್ತರಿಸಿ ತೆಗೆದು ಸರ್ಕಾರಿ ಮುದ್ರೆ ಥರ ಒತ್ತುವುದು ಸುಲಭ. ಪೌಲನೇ ಕೊನೆಗೆ ನೀರೋ ಕಾಲದಲ್ಲಿ ರೋಮಿನಲ್ಲಿ ತಲೆ ಕೊಟ್ಟ ಅಂತ ಸಭೆಯ ಹಿರಿಯರು ಹೇಳಿಕೊಂಡು ಬಂದಿದ್ದಾರೆ. ಸತ್ಯವೇದದ ಕೊನೆಯ ಪುಸ್ತಕ ಪ್ರಕಟನೆಯ 13ನೇ ಅಧ್ಯಾಯದಲ್ಲಿ ಅದೇ ರೋಮ್ ಕಡಲಿನಿಂದ ಏಳುವ ಮೃಗ ಆಗಿದೆ. ಎರಡು ಹದಿಮೂರನ್ನೂ ಪಕ್ಕ ಪಕ್ಕ ಇಟ್ಟು ಓದಬೇಕು ಅಂತ ನಾನು ಮಕ್ಕಳಿಗೆ ಹೇಳುತ್ತೇನೆ.

ಸುಮ್ನೆ ಓದುಗ:
ಇಷ್ಟು ಉದ್ದ ಬರೆದರೂ ಓದಿಸಿಕೊಂಡಿತು ಟೀಚರ್. ಆದರೆ ಉತ್ತರ ಎಲ್ಲಿ? ಹೋಗಲಾ ಬೇಡವಾ?

ಭಾನುವಾರ ಟೀಚರ್:
ಅದು ಹುಡುಗ ಹೇಳಬೇಕಾದ್ದು, ನಾನಲ್ಲ. ಆದರೆ ಪಾಪ ಸರ್ಕಾರದ್ದು ಅನ್ನುವ ಮಾತಿಗೆ ನನ್ನ ಹತ್ತಿರ ಗಟ್ಟಿ ಉತ್ತರ ಇದೆ. ಆಸ್ಟ್ರಿಯದಲ್ಲಿ ಫ್ರಾನ್ಸ್ ಯಾಗರ್‌ಸ್ಟಾಟರ್ ಅಂತ ಒಬ್ಬ ರೈತ. ಕ್ಯಾಥೊಲಿಕ್. ಹಳ್ಳಿಯ ಚರ್ಚಿನಲ್ಲಿ ಸಣ್ಣಪುಟ್ಟ ಕೆಲಸ ಮಾಡಿಕೊಂಡಿದ್ದ. ಹಿಟ್ಲರನ ಯುದ್ಧದಲ್ಲಿ ಹೋರಾಡಲ್ಲ ಅಂದ. ಗುರುಗಳು, ಬಿಷಪ್ ಎಲ್ಲರೂ ಬುದ್ಧಿ ಹೇಳಿದರು: ಯುದ್ಧ ಸರಿಯೋ ತಪ್ಪೋ ನೋಡುವುದು ಸರ್ಕಾರದ ಹೊಣೆ, ನಿನ್ನ ಹೊಣೆ ಹೆಂಡತಿ ಮಕ್ಕಳು ಅಂತ. ಮಂಡ್ಯದ ಪಾಸ್ಟರ್ ಹೇಳಿದ ಮಾತಿಗೂ ಇದಕ್ಕೂ ಏನು ವ್ಯತ್ಯಾಸ? ಅವನು ಒಪ್ಪಲಿಲ್ಲ. 1943ರ ಆಗಸ್ಟ್ 9ರಂದು ಅವನನ್ನು ಕೊಂದರು. 2007ರಲ್ಲಿ ಅದೇ ಧರ್ಮಸಭೆ ಅವನನ್ನು ಪುನೀತ ಅಂತ ಘೋಷಿಸಿತು. ಬುದ್ಧಿ ಹೇಳಿದ ಬಿಷಪ್ಪರನ್ನಲ್ಲ.

ಬನ್ನಿಮಂಟಪದ ಸುಬೇದಾರ್:
ಟೀಚರ್, ತಪ್ಪು ತಿಳಿಯಬೇಡಿ. ಹಿಟ್ಲರನ ಸೈನ್ಯಕ್ಕೂ ನಮ್ಮ ಸೈನ್ಯಕ್ಕೂ ಹೋಲಿಕೆ ಬೇಡ. ಮನಸ್ಸಿಗೆ ನೋವಾಗುತ್ತದೆ.

ಭಾನುವಾರ ಟೀಚರ್:
ಹೋಲಿಸಲಿಲ್ಲ ಸರ್. ಕ್ಷಮಿಸಿ. ನಾನು ಹೇಳಿದ್ದು ಹೊಣೆ ಜಾರಿಸುವ ಆ ಒಂದು ವಾದದ ಬಗ್ಗೆ ಮಾತ್ರ. ಒಳ್ಳೆಯ ಸೈನ್ಯದಲ್ಲೂ ಆ ವಾದ ತಪ್ಪೇ.

ದೇವರಾಜ ಮೊಹಲ್ಲಾ ವಕೀಲ:
ತಡವಾಗಿ ಬಂದೆ. ಕಾನೂನಿನ ಭಾಗ ಯಾರೂ ಮುಟ್ಟಿಲ್ಲ.

ನಮ್ಮ ದೇಶದಲ್ಲಿ ಕಡ್ಡಾಯ ಸೈನ್ಯ ಸೇವೆ ಇಲ್ಲ. ಮ್ಯಾಕ್ಸಿಮಿಲಿಯನ್ ಥರ ಯಾರೂ ಎಳೆದುಕೊಂಡು ಹೋಗುವುದಿಲ್ಲ. ಹಾಗಾಗಿ ಮನಸ್ಸಾಕ್ಷಿಯ ಪ್ರಶ್ನೆ ಸಹಿ ಹಾಕುವ ಮೊದಲೇ ಮುಗಿಯಬೇಕು. ಸಹಿ ಆದಮೇಲೆ ಬೇರೆ ಲೋಕ.

ಎರಡು ಕೇಸು ಹೇಳುತ್ತೇನೆ. 1985ರಲ್ಲಿ ಕೇರಳದ ಮೂವರು ಶಾಲಾ ಮಕ್ಕಳು ರಾಷ್ಟ್ರಗೀತೆಗೆ ಎದ್ದು ನಿಂತರು, ಆದರೆ ಹಾಡಲಿಲ್ಲ. ಅವರು ಯೆಹೋವನ ಸಾಕ್ಷಿಗಳು ಅನ್ನುವ ಪಂಗಡದವರು. ಶಾಲೆಯಿಂದ ತೆಗೆದರು. 1986ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಮಕ್ಕಳ ಪರ ತೀರ್ಪು ಕೊಟ್ಟಿತು. ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಬರೆದ ತೀರ್ಪು. ಗೌರವದಿಂದ ಎದ್ದು ನಿಂತದ್ದೇ ಸಾಕು, ಹಾಡಲೇಬೇಕು ಅನ್ನುವ ಕಾನೂನು ಇಲ್ಲ ಅಂದರು.

ಇನ್ನೊಂದು ತೀರ ಈಚಿನದು. ಸೈನ್ಯದ ಒಬ್ಬ ಕ್ರೈಸ್ತ ಅಧಿಕಾರಿ. ಅವರ ಕೈಕೆಳಗೆ ಸಿಖ್ ಸೈನಿಕರು. ರೆಜಿಮೆಂಟಿನ ಧಾರ್ಮಿಕ ಪರೇಡಿಗೆ ಅವರು ಹೋಗುತ್ತಿದ್ದರು, ಗರ್ಭಗುಡಿಯ ಒಳಗೆ ಮಾತ್ರ ಬರಲ್ಲ ಅಂದರು. ಸೈನ್ಯ ವಜಾ ಮಾಡಿತು. 2025ರ ಮೇನಲ್ಲಿ ದೆಹಲಿ ಹೈಕೋರ್ಟ್, ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಎರಡೂ ವಜಾ ಸರಿ ಅಂದವು. ಶಾಲೆಯ ಮಕ್ಕಳಿಗೆ ಸಿಕ್ಕಿದ ಜಾಗ ಅಧಿಕಾರಿಗೆ ಸಿಗಲಿಲ್ಲ. ಸಂವಿಧಾನದ 25ನೇ ವಿಧಿ ಎಲ್ಲರಿಗೂ ಧರ್ಮದ ಸ್ವಾತಂತ್ರ್ಯ ಕೊಡುತ್ತದೆ. 33ನೇ ವಿಧಿ ಸೈನ್ಯದವರ ವಿಷಯದಲ್ಲಿ ಆ ಹಕ್ಕುಗಳನ್ನು ಮಿತಿ ಮಾಡಲು ಸಂಸತ್ತಿಗೆ ಅಧಿಕಾರ ಕೊಡುತ್ತದೆ. ನನಗೆ ಆ ತೀರ್ಪು ಪೂರ್ತಿ ಹಿಡಿಸಿಲ್ಲ, ಆದರೆ ಈಗಿರುವುದು ಅದೇ. ಹುಡುಗನಿಗೆ ಇದು ಗೊತ್ತಿರಲಿ. ಅಜ್ಜಿ ಗುಂಡಿನ ಬಗ್ಗೆ ಯೋಚಿಸುತ್ತಿದ್ದಾರೆ, ಅವನಿಗೆ ಮೊದಲು ಎದುರಾಗುವುದು ಇಂಥದ್ದೇ ಆಗಿರಬಹುದು.

ಬನ್ನಿಮಂಟಪದ ಸುಬೇದಾರ್:
ಇದು ನಿಜ. ಆದರೆ ನನ್ನ ಅನುಭವ ಬೇರೆ. ನಮ್ಮಲ್ಲಿ ಸರ್ವಧರ್ಮ ಸ್ಥಳ ಅಂತ ಒಂದೇ ಸೂರಿನ ಕೆಳಗೆ ಎಲ್ಲ ಇತ್ತು. ನಾನು ಆರತಿ ತಗೊಂಡೆ, ಪ್ರಸಾದ ತಿಂದೆ. ಕ್ರಿಸ್‌ಮಸ್ ದಿನ ಪಕ್ಕದ ಬ್ಯಾರಕ್ಕಿನ ಜಾಟ್ ಹುಡುಗರು ಬಂದು ನನ್ನ ಜೊತೆ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ ಕಟ್ಟಿದರು, ಒಂಟೆ ಬದಲು ಎಮ್ಮೆ ಇಟ್ಟಿದ್ದರು. ನನ್ನ ದೇವರು ನನ್ನನ್ನು ಬಿಟ್ಟು ಹೋಗಲಿಲ್ಲ. ಆ ಅಧಿಕಾರಿಯ ಮನಸ್ಸು ಬೇರೆ ಇರಬಹುದು, ನಾನು ತೀರ್ಪು ಕೊಡಲ್ಲ. ನಮ್ಮ ಫಿಲೋಮಿನಾ ಚರ್ಚಿಗೇ 1933ರಲ್ಲಿ ಅಡಿಗಲ್ಲು ಹಾಕಿದ್ದು ನಾಲ್ವಡಿ ಮಹಾರಾಜರು. ಸಂತ ಫಿಲೋಮಿನಳ ಅವಶೇಷ ತರಿಸಿದ್ದು ಅವರ ಹುಜೂರ್ ಸೆಕ್ರೆಟರಿ ತಂಬುಚೆಟ್ಟಿಯವರು, ಅವರು ಕ್ಯಾಥೊಲಿಕ್. ಅರಮನೆಗೂ ಚರ್ಚಿಗೂ ಈ ಊರಲ್ಲಿ ಹೀಗೆ ಹೋಗಿಬರುವುದು ಇತ್ತು.

ಮಂಡ್ಯದ ಅತ್ತೆ:
ಎಲ್ಲರಿಗೂ ತುಂಬ ಥ್ಯಾಂಕ್ಸ್. ನಿನ್ನೆ ರಾತ್ರಿ ಊಟ ಆದಮೇಲೆ ಇದನ್ನೆಲ್ಲ ಅವ್ವನಿಗೆ ಜೋರಾಗಿ ಓದಿ ಹೇಳಿದೆ. ಹುಡುಗ ಬಾಗಿಲ ಹತ್ತಿರ ನಿಂತು ಕೇಳಿಸಿಕೊಂಡ. ಕೂರು ಅಂದರೂ ಕೂರಲಿಲ್ಲ.

ಅವ್ವನಿಗೆ ಅಗಸ್ಟೀನ್ ಇಷ್ಟ ಆಗಲಿಲ್ಲ. "ದ್ವೇಷ ಇಲ್ಲದೆ ಹೊಡೆಯೋದು ಹೆಂಗೆ, ಕೋಳಿ ಕುಯ್ಯೋ ಹಂಗಾ?" ಅಂದರು. ಕಡಲುಗಳ್ಳನ ಕಥೆಗೆ ಮಾತ್ರ ನಕ್ಕರು. ಮ್ಯಾಕ್ಸಿಮಿಲಿಯನ್ ಕಥೆ ಕೇಳಿ ತುಂಬ ಹೊತ್ತು ಸುಮ್ಮನಿದ್ದು, "ಅವನ ಅವ್ವನ ವಿಷಯ ಏನೂ ಬರೆದಿಲ್ವಾ?" ಅಂದರು. ಟೀಚರ್, ಬರೆದಿದ್ದಾರಾ?

ಹುಡುಗನೂ ಒಂದು ಕೇಳಿದ. ನರ್ಸಿಂಗ್ ಅಸಿಸ್ಟೆಂಟ್ ಆಗಿ ಸೇರಿದರೆ ಬಂದೂಕು ಹಿಡಿಯೋ ಹಾಗಿಲ್ಲವಲ್ಲ, ಅಜ್ಜಿಗೂ ಸಮಾಧಾನ, ನನಗೂ ಕೆಲಸ ಅಂತ. ಪಿಯುಸಿಯಲ್ಲಿ ಬಯಾಲಜಿ ಓದಿದ್ದಾನೆ.

ಭಾನುವಾರ ಟೀಚರ್:
ನಾನು ಓದಿದ್ದರಲ್ಲಿ ಅಪ್ಪ ಇದ್ದಾನೆ ಅಕ್ಕ. ಅವನೇ ವಿಚಾರಣೆಗೆ ಜೊತೆಯಲ್ಲಿ ಬಂದವನು. ಮಗನಿಗೆ ಅಂತ ಹೊಸ ಉಡುಪು ಮಾಡಿಸಿಟ್ಟಿದ್ದ. ತಲೆ ತೆಗೆಯುವವನಿಗೆ ಅದನ್ನು ಕೊಟ್ಟುಬಿಡು ಅಂದನಂತೆ ಮಗ. ಅಮ್ಮನ ಸುದ್ದಿ ನನ್ನ ಕಣ್ಣಿಗೆ ಬಿದ್ದಿಲ್ಲ. ಇಷ್ಟು ವರ್ಷ ಪಾಠ ಹೇಳಿದ್ದೇನೆ, ಒಂದು ದಿನವೂ ಇದನ್ನು ನಾನೇ ಕೇಳಿಕೊಂಡಿರಲಿಲ್ಲ.

ನರ್ಸಿಂಗ್ ವಿಷಯಕ್ಕೆ ಡೆಸ್ಮಂಡ್ ಡಾಸ್ ನೆನಪಾದರು. ಅಮೆರಿಕದ ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆಯವರು. 1945ರಲ್ಲಿ ಓಕಿನಾವಾ ಯುದ್ಧದಲ್ಲಿ ಬಂದೂಕು ಮುಟ್ಟದೆ ಗಾಯಾಳುಗಳನ್ನು ಬಂಡೆಯ ಮೇಲಿಂದ ಹಗ್ಗ ಕಟ್ಟಿ ಕೆಳಗಿಳಿಸಿದರು.

ಬನ್ನಿಮಂಟಪದ ಸುಬೇದಾರ್:
ಅದು ಅಮೆರಿಕ. ಇಲ್ಲಿ ನರ್ಸಿಂಗ್ ಅಸಿಸ್ಟೆಂಟಿಗೂ ಮೊದಲು ಬಂದೂಕಿನ ತರಬೇತಿ ಆಗಿಯೇ ಆಗುತ್ತದೆ. ಅಜ್ಜಿಗೆ ಸುಳ್ಳು ಹೇಳಿ ಸಮಾಧಾನ ಮಾಡಬೇಡಿ. ಆದರೆ ಗಾಯ ಆದವನು ಯಾರ ಕಡೆಯವನಾದರೂ ಚಿಕಿತ್ಸೆ ಕೊಡಬೇಕು, ಅದೂ ನಿಜ.

ದೇವರಾಜ ಮೊಹಲ್ಲಾ ವಕೀಲ:
ಹೌದು, 1949ರ ಜಿನೀವಾ ಒಪ್ಪಂದಗಳಲ್ಲಿ ಇದೆ. ಅದಕ್ಕಾಗಿ ನಮ್ಮಲ್ಲಿ 1960ರ ಕಾಯ್ದೆಯೂ ಇದೆ.

ಮಂಡ್ಯದ ಅತ್ತೆ:
ವಕೀಲರೇ, ಅವ್ವ ಇನ್ನೊಂದು ಕೇಳಿಸುತ್ತಿದ್ದಾರೆ. ಹುಡುಗ ಸೇರಿದ ಅಂತಲೇ ಇಟ್ಟುಕೊಳ್ಳಿ. ನಾಳೆ ಯಾರೋ ಮೇಲಿನವರು, ಕೈ ಎತ್ತಿ ನಿಂತವನಿಗೆ ಹೊಡಿ ಅಂದರೆ, ಆಗಲ್ಲ ಸಾರ್ ಅನ್ನಬಹುದಾ?

ದೇವರಾಜ ಮೊಹಲ್ಲಾ ವಕೀಲ:
ಒಳ್ಳೆಯ ಪ್ರಶ್ನೆ. 1950ರ ಸೈನ್ಯ ಕಾಯ್ದೆಯ 41ನೇ ಸೆಕ್ಷನ್ ಮೇಲಧಿಕಾರಿಯ ಆದೇಶ ಮೀರುವುದರ ಬಗ್ಗೆ ಇದೆ. ಶಿಕ್ಷೆ ಹದಿನಾಲ್ಕು ವರ್ಷದವರೆಗೂ ಹೋಗಬಹುದು. ಆದರೆ ಅಲ್ಲಿರುವ ಪದ ಬರೀ ಆದೇಶ ಅಲ್ಲ, ಕಾನೂನುಬದ್ಧ ಆದೇಶ. ಶರಣಾದವನನ್ನು ಕೊಲ್ಲು ಅನ್ನುವುದು ಕಾನೂನುಬದ್ಧ ಆದೇಶ ಅಲ್ಲ. ಮೇಲಿನವರು ಹೇಳಿದರು, ಮಾಡಿದೆ ಅನ್ನುವ ನೆಪವನ್ನು, ಎರಡನೇ ಮಹಾಯುದ್ಧ ಆದಮೇಲೆ ನಾಜಿ ನಾಯಕರ ಮೇಲೆ ನಡೆದ ನ್ಯೂರೆಂಬರ್ಗ್ ವಿಚಾರಣೆಯಲ್ಲೂ ಒಪ್ಪಲಿಲ್ಲ. ಅಂದರೆ ಪಾಸ್ಟರ್ ಹೇಳಿದ್ದು ಸತ್ಯವೇದದಲ್ಲಿ ನಿಲ್ಲುತ್ತದೋ ಇಲ್ಲವೋ ಟೀಚರ್ ನೋಡಲಿ, ಕೋರ್ಟಿನಲ್ಲಂತೂ ನಿಲ್ಲಲ್ಲ. ಇಲ್ಲ ಅನ್ನುವ ಧೈರ್ಯ ಆ ಗಳಿಗೆಯಲ್ಲಿ ಬರುತ್ತದಾ ಅನ್ನೋದು ಬೇರೆ. ಅದು ಕಾಯ್ದೆಯಲ್ಲಿ ಸಿಗಲ್ಲ.

ಮದ್ದೂರು ಗೌಡ:
ಅಜ್ಜಿಯವರನ್ನೇ ವಕೀಲರನ್ನಾಗಿ ಮಾಡಬೇಕಿತ್ತು.

ಓಡುವ ಹುಡುಗ:
ನಾನೇ ಆ ಹುಡುಗ. ಅತ್ತೆ ಫೋನಿನಲ್ಲಿ ಓದುತ್ತಿದ್ದೆ, ಈಗ ಅಕೌಂಟ್ ಮಾಡಿದೆ. ಅರ್ಜಿ ವಾಪಸ್ ತಗೊಂಡಿಲ್ಲ. ಆದರೆ ಪಾಪ ಸರ್ಕಾರದ್ದು ಅಂತ ಇನ್ನು ಮೇಲೆ ಅಜ್ಜಿ ಹತ್ತಿರ ವಾದ ಮಾಡಲ್ಲ. ಆ ಮಾತು ಕೇಳಿದಾಗ ನನಗೆ ಹಗುರ ಆಗಿದ್ದು ನಿಜ. ಸುಬೇದಾರ್ ಅಂಕಲ್, ನಿಮ್ಮನ್ನು ನೋಡಬೇಕು. ಇಪ್ಪತ್ತಾರು ವರ್ಷದಲ್ಲಿ ನೀವು ಯಾವಾಗಾದರೂ ಇಲ್ಲ ಅಂದಿದ್ದೀರಾ?

ಬನ್ನಿಮಂಟಪದ ಸುಬೇದಾರ್:
ಒಂದು ಸಲ. ಅದನ್ನು ಇಲ್ಲಿ ಬರೆಯಲ್ಲ ಮಗ. ಭಾನುವಾರ ಬೆಳಗಿನ ಪೂಜೆ ಮುಗಿದಮೇಲೆ ಚರ್ಚಿನ ಮುಂದೆ ಇರುತ್ತೇನೆ. ಅಜ್ಜಿಯನ್ನೂ ಕರೆದುಕೊಂಡು ಬಾ, ಅವರಿಗೂ ಹೇಳಬೇಕು. ಬಿಸಿಲೇರುವ ಮೊದಲು ಬನ್ನಿ. ಅವತ್ತು ಓಟ ತಪ್ಪಿಸಬೇಡ, ಬೇಗ ಎದ್ದು ಮುಗಿಸಿಕೊಂಡೇ ಬಸ್ ಹತ್ತು.

ಗಂಜಾಂ ಹುಡುಗ:
ದಾರಿಯಲ್ಲೇ ಶ್ರೀರಂಗಪಟ್ಟಣ ಸಿಗುತ್ತದೆ. ವಾಪಸ್ ಹೋಗುವಾಗ ಇಳಿದರೆ ಆ ಸ್ಮಶಾನ ತೋರಿಸುತ್ತೇನೆ. ಅಜ್ಜಿಗೆ ನಡೆಯೋಕೆ ಆಗುತ್ತಾ?

ಓಡುವ ಹುಡುಗ:
ನನಗಿಂತ ಜೋರಾಗಿ ನಡೀತಾರೆ.